ಕೋನ ಕೊಡದ ಲೆಕ್ಕ

(ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ಬೆಂಗಳೂರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೀಯ, ಮಕ್ಕಳಿಗೆ ಸ್ಫೂರ್ತಿ ಬರೋ ಹಂಗೆ ನಿನ್ನ ಸಾಧನೆ ಬಗ್ಗೆ ಹತ್ತು ನಿಮಿಷ ಮಾತಾಡಪ್ಪ" ಅಂದರು. ನನ್ನದು ಸಾಧನೆ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಎಲ್ಲರ ಹಾಗೆ ಓದಿದೆ, ಬಿ.ಇ. ಮಾಡಿದೆ, ಕೆಲಸಕ್ಕೆ ಸೇರಿದೆ. ಅದಕ್ಕೇ, ಅದರ ಬದಲು ಒಂದು ಲೆಕ್ಕದ ಬಗ್ಗೆ ಮಾತಾಡುತ್ತೇನೆ ಅಂದೆ. "ಲೆಕ್ಕವೇ?" ಅಂತ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ "ಬೇಗ ಮುಗಿಸು" ಅಂದರು. ಹತ್ತು ನಿಮಿಷ ಮೀರಿದರೆ ಕ್ಷಮಿಸಬೇಕು.

ಹತ್ತನೇ ತರಗತಿಯ ಮಕ್ಕಳು ಇಲ್ಲಿದ್ದೀರಿ. ನಿಮ್ಮ ಗಣಿತ ಪುಸ್ತಕದಲ್ಲಿ ತ್ರಿಕೋನಮಿತಿಯ ಅನ್ವಯಗಳು ಅಂತ ಒಂದು ಪಾಠ ಇದೆ. ಅಲ್ಲಿ ಒಂದು ಗೋಪುರ ಇರುತ್ತದೆ. ಅದರ ಬುಡದಿಂದ ಇಷ್ಟು ಮೀಟರ್ ದೂರದಲ್ಲಿ ಒಬ್ಬ ನಿಂತಿರುತ್ತಾನೆ. ಗೋಪುರದ ತುದಿ ಅವನಿಗೆ ಇಷ್ಟು ಡಿಗ್ರಿ ಉನ್ನತ ಕೋನದಲ್ಲಿ ಕಾಣುತ್ತದೆ, ಗೋಪುರದ ಎತ್ತರ ಎಷ್ಟು ಅಂತ ಕೇಳುತ್ತಾರೆ. ಕೋನ ಹೆಚ್ಚುಕಡಿಮೆ ಯಾವಾಗಲೂ 30, 45 ಅಥವಾ 60. ಕೋನವನ್ನು ಕೊಟ್ಟುಬಿಡುತ್ತಾರೆ, ನಾವು ಎತ್ತರ ಕಂಡುಹಿಡಿಯಬೇಕು.

ನಾನು ಹೇಳಬೇಕೆಂದಿರುವುದು ಇದರ ಉಲ್ಟಾ ಲೆಕ್ಕ. ಮನೆಯಲ್ಲಿ, ಗದ್ದೆಯಲ್ಲಿ, ರಸ್ತೆಯಲ್ಲಿ ನಮಗೆ ಕೋನವನ್ನು ಯಾರೂ ಕೊಡುವುದಿಲ್ಲ. ಟೇಪು ಹಿಡಿದರೆ ಉದ್ದ ಸಿಗುತ್ತದೆ, ಎತ್ತರ ಸಿಗುತ್ತದೆ. ತಿಳಿಯಬೇಕಾದದ್ದು ಕೋನ. ಆ ಲೆಕ್ಕ ನನಗೆ ಬೇಕಾದದ್ದು ಒಂದು ಟ್ರೈಲರ್ ಮಗುಚಿದ್ದರಿಂದ.

ಇಲ್ಲಿ ಕುಳಿತಿರುವ ದೊಡ್ಡವರಿಗೆ ನೆನಪಿರಬಹುದು. ಆಗ ನಾನು ಒಂಬತ್ತನೇ ತರಗತಿ. ನಮ್ಮಪ್ಪ ಇನ್ನೊಬ್ಬರ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಆಲೆಮನೆಗೆ ಕಬ್ಬು ಹೊಡೆಯುವ ಕಾಲ. ಒಂದು ಸಂಜೆ ನಾಲೆ ಏರಿಯ ಮೇಲೆ ಬರುವಾಗ ಎದುರಿನಿಂದ ಇನ್ನೊಂದು ಗಾಡಿ ಬಂತು. ಅಪ್ಪ ದಾರಿ ಬಿಡಲು ಎಡಕ್ಕೆ ಸರಿದರು. ಟ್ರೈಲರಿನ ಎಡಗಡೆ ಚಕ್ರ ಏರಿಯ ಅಂಚು ಬಿಟ್ಟು ಇಳಿಯಿತು, ಟ್ರೈಲರ್ ಮಗುಚಿತು. ಇಂಜಿನ್ ಕೂಡ ಅರ್ಧ ಎಳೆದುಕೊಂಡು ಹೋಯಿತು. ಅಪ್ಪ ಹಾರಿದರು, ಆದರೂ ಬಲಗಾಲು ಕಬ್ಬಿನ ಕಟ್ಟಿನ ಕೆಳಗೆ ಸಿಕ್ಕಿ ಮುರಿಯಿತು. ಮೂರು ತಿಂಗಳು ಜಗುಲಿಯ ಮೇಲೆ ಮಲಗಿದ್ದರು. ಆಮೇಲೆ ಅವರು ಟ್ರ್ಯಾಕ್ಟರ್ ಹತ್ತಲಿಲ್ಲ.

ಕಾಲು ವಾಸಿಯಾಯಿತು. ವಾಸಿಯಾಗದೆ ಉಳಿದದ್ದು ಒಂದು ಮಾತು. "ಕುಡಿದಿದ್ದ ಕಣಪ್ಪ, ಇಲ್ಲಾಂದ್ರೆ ದಿನಾ ಓಡಾಡೋ ದಾರೀಲಿ ಹಂಗೆ ಹೋಗಿ ಬೀಳ್ತಾನಾ?" ಯಾರು ಮೊದಲು ಅಂದರೋ ಗೊತ್ತಿಲ್ಲ. ಊರಲ್ಲಿ ಇಂಥ ಮಾತಿಗೆ ಯಜಮಾನ ಇರುವುದಿಲ್ಲ. ಅಪ್ಪ ಕುಡಿಯುವವರಲ್ಲ. ಆದರೆ ಅವರು ಯಾರ ಹತ್ತಿರವೂ ಜಗಳಕ್ಕೆ ಹೋಗಲಿಲ್ಲ. ಅವ್ವ ಮಾತ್ರ ಬಾವಿ ಹತ್ತಿರ ಒಂದು ಸಲ ಒಬ್ಬರ ಜೊತೆ ಮಾತು ಬಿಟ್ಟುಬಂದಳು. ಶಾಲೆಯಲ್ಲಿ ಒಬ್ಬ ಹುಡುಗ ನನ್ನ ಮುಂದೆಯೂ ಅಂದ. ನಾನು ಅವನಿಗೆ ಹೊಡೆದು, ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ಕಿವಿ ಹಿಡಿದು ನಿಂತೆ. ಆ ಹುಡುಗ ಇವತ್ತು ಇಲ್ಲೇ ಇದ್ದಾನೆ, ನನ್ನ ಒಳ್ಳೆಯ ಗೆಳೆಯ. ಬೆಳಿಗ್ಗೆ ಅವನೇ ನನ್ನನ್ನು ಬೈಕಿನಲ್ಲಿ ಕರೆತಂದದ್ದು.

ಅದೇ ವರ್ಷ ನಮ್ಮ ಗಣಿತದ ಮೇಷ್ಟ್ರು ಸಮರೂಪ ತ್ರಿಭುಜ ಪಾಠ ಮಾಡುವಾಗ ನಮ್ಮನ್ನು ಹೊರಗೆ ಈ ಬಯಲಿಗೆ ಕರೆತಂದರು. ಒಂದು ಕೋಲು ನೆಟ್ಟು ಅದರ ನೆರಳು ಅಳೆಸಿದರು, ಧ್ವಜಸ್ತಂಭದ ನೆರಳನ್ನೂ ಅಳೆಸಿದರು. ಕೋಲಿನ ಎತ್ತರಕ್ಕೂ ನೆರಳಿಗೂ ಇರುವ ಅನುಪಾತವೇ ಕಂಬಕ್ಕೂ ಅದರ ನೆರಳಿಗೂ ಇರುತ್ತದೆ ಅಂತ ಹೇಳಿ, ಕಂಬ ಹತ್ತದೆ ಕಂಬದ ಎತ್ತರ ಹೇಳಿಸಿದರು. ನಾನು ಕೇಳಿದೆ: "ಸಾರ್, ಬಿಸಿಲು ಬರ್ತಾ ಇರೋ ಆ ಮೂಲೆ ಎಷ್ಟು ಡಿಗ್ರಿ?" ಅದು ಆ ವರ್ಷದ ಪಾಠದಲ್ಲಿ ಇರಲಿಲ್ಲ. ಮೇಷ್ಟ್ರು "ಸುಮ್ಮನೆ ಕೂತ್ಕೊ" ಅನ್ನಬಹುದಿತ್ತು. ಅವರು, "ಅಳತೆಗೆ ತಕ್ಕಂತೆ ಚಿತ್ರ ಬರಿ, ಕೋನಮಾಪಕ ಇಟ್ಟು ನೋಡು, ಗೊತ್ತಾಗುತ್ತೆ" ಅಂದರು.

ಮಕ್ಕಳೇ, ಇದನ್ನು ಗಮನಿಸಿ. ಅಪರಿಚಿತ ಕೋನ ಕಂಡುಹಿಡಿಯಲು ಕ್ಯಾಲ್ಕುಲೇಟರ್ ಬೇಕೇ ಬೇಕು ಅಂತೇನಿಲ್ಲ. ಲಂಬಕೋನ ತ್ರಿಭುಜದ ಎರಡು ಬಾಹುಗಳು ಗೊತ್ತಿದ್ದರೆ ಅದರ ಆಕಾರ ಗಟ್ಟಿಯಾಯಿತು. ಆರಡಿಗೆ ಆರು ಸೆಂಟಿಮೀಟರ್, ಮೂರಡಿಗೆ ಮೂರು ಸೆಂಟಿಮೀಟರ್ ಅಂತ ಇಟ್ಟುಕೊಂಡು ಹಾಳೆಯ ಮೇಲೆ ಬರೆದರೆ ಹಾಳೆಯಲ್ಲಿರುವ ಕೋನವೂ ನೆಲದ ಮೇಲಿನ ಕೋನವೂ ಒಂದೇ. ನಿಮ್ಮ ಜಾಮಿಟ್ರಿ ಬಾಕ್ಸಿನಲ್ಲಿರುವ ಕೋನಮಾಪಕ ಒಂದು ಡಿಗ್ರಿಯಷ್ಟು ಹೆಚ್ಚುಕಡಿಮೆಯಲ್ಲಿ ಉತ್ತರ ಹೇಳುತ್ತದೆ.

ಆಮೇಲೆ ಪಿಯುಸಿ ವಿಜ್ಞಾನಕ್ಕೆ ಸೇರಿದೆ. ಕನ್ನಡ ಮಾಧ್ಯಮದಿಂದ ಹೋದವರಿಗೆ ಮೊದಲ ಆರು ತಿಂಗಳು ಹೇಗಿರುತ್ತದೆ ಅಂತ ಇಲ್ಲಿ ಬಹಳ ಜನಕ್ಕೆ ಗೊತ್ತು, ವಿವರಿಸುವುದಿಲ್ಲ. ವಿಲೋಮ ತ್ರಿಕೋನಮಿತಿ ಬಂದಾಗ ಬೋರ್ಡಿನ ಮೇಲೆ ಟ್ಯಾನ್ ಅಂತ ಬರೆದು ಅದರ ತಲೆಯ ಮೇಲೆ ಸಣ್ಣದಾಗಿ ಮೈನಸ್ ಒಂದು ಬರೆದರು. ಎರಡರ ಘಾತ ಮೈನಸ್ ಒಂದು ಅಂದರೆ ಅರ್ಧ ಅಂತ ಈ ಶಾಲೆಯಲ್ಲೇ ಕಲಿತಿದ್ದೆ. ಹಾಗಾಗಿ ಇದೂ ಟ್ಯಾನ್‌ನಿಂದ ಒಂದನ್ನು ಭಾಗಿಸುವುದು ಅಂತ ತಿಳಿದೆ. ಟ್ಯಾನ್ ಇನ್ವರ್ಸ್ 0.5 ಎಷ್ಟು ಅಂದರೆ ಧೈರ್ಯವಾಗಿ ಎರಡು ಅಂತ ಬರೆದೆ. ಸರಿಯಾದ ಉತ್ತರ ಸುಮಾರು 26.6 ಡಿಗ್ರಿ. ಆ ಕಿರುಪರೀಕ್ಷೆಯಲ್ಲಿ ನನಗೆ ಬಂದದ್ದು ಇಪ್ಪತ್ತಕ್ಕೆ ಮೂರು.

ಆ ಮೈನಸ್ ಒಂದರ ಅರ್ಥ ಭಾಗಾಕಾರದ್ದಲ್ಲ ಅಂತ ನನಗೆ ತಿಳಿಸಿದ್ದು ಲಾಗ್ ಟೇಬಲ್ ಪುಸ್ತಕ. ಅದರಲ್ಲಿ ಎಡಗಡೆ ಡಿಗ್ರಿ, ಪಕ್ಕದಲ್ಲಿ ಟ್ಯಾನ್ ಬೆಲೆ. 26 ಡಿಗ್ರಿಗೆ 0.4877, 27 ಡಿಗ್ರಿಗೆ 0.5095. ಡಿಗ್ರಿ ಹುಡುಕಿ ಪಕ್ಕದ ಅಂಕಿ ಓದಿದರೆ ಟ್ಯಾನ್. ಅಂಕಿಗಳ ನಡುವೆ 0.5 ಹುಡುಕಿ, ಎಡಕ್ಕೆ ಬೆರಳು ಜಾರಿಸಿ ಡಿಗ್ರಿ ಓದಿದರೆ ಟ್ಯಾನ್ ಇನ್ವರ್ಸ್. ಅಷ್ಟೇ. ಹೋದ ದಾರಿಯಲ್ಲೇ ವಾಪಸು ಬರುವುದು. ಎದುರಿನ ಬಾಹುವನ್ನು ಪಕ್ಕದ ಬಾಹುವಿನಿಂದ ಭಾಗಿಸಿದರೆ ಬರುವ ಅಂಕಿಗೆ ಟ್ಯಾನ್ ಇನ್ವರ್ಸ್. ಎದುರಿನ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್ ಇನ್ವರ್ಸ್. ಪಕ್ಕದ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಕಾಸ್ ಇನ್ವರ್ಸ್. ಯಾವ ಎರಡು ಬಾಹು ನಿಮ್ಮ ಟೇಪಿಗೆ ಸಿಗುತ್ತವೋ ಅದಕ್ಕೆ ತಕ್ಕದ್ದನ್ನು ಆರಿಸಿಕೊಳ್ಳಬೇಕು.

ಇದು ಹೊರಗಿನಿಂದ ಬಂದ ವಿದ್ಯೆ ಅಂತ ಹೆದರುವುದೂ ಬೇಡ. ಆರ್ಯಭಟ ಕ್ರಿ.ಶ. 499ರ ಸುಮಾರಿಗೆ ಇಂಥದೇ ಒಂದು ಪಟ್ಟಿಯನ್ನು ಶ್ಲೋಕದಲ್ಲಿ ಹೇಳಿದ್ದಾನೆ. 90 ಡಿಗ್ರಿಯನ್ನು 24 ಭಾಗ ಮಾಡಿ ಒಂದೊಂದಕ್ಕೂ 'ಜ್ಯಾ' ಹೇಳುವ ಪಟ್ಟಿ. ಜ್ಯಾ ಅಂದರೆ ಬಿಲ್ಲಿನ ಹೆದೆ, ಚಾಪ ಅಂದರೆ ಬಿಲ್ಲು. ಬಿಲ್ಲಿನ ಬಾಗು ಗೊತ್ತಿದ್ದರೆ ಹೆದೆಯ ಉದ್ದ ಕಂಡುಹಿಡಿಯುವುದು ಸೈನ್. ಹೆದೆಯ ಉದ್ದದಿಂದ ಬಿಲ್ಲಿನ ಬಾಗು ಕಂಡುಹಿಡಿಯುವುದು ಸೈನ್ ಇನ್ವರ್ಸ್. ಈ ಜ್ಯಾ ಪದವೇ ಅರಬರ ಬಾಯಲ್ಲಿ ಬದಲಾಗಿ, ಲ್ಯಾಟಿನ್‌ಗೆ ಹೋಗಿ, ಸೈನ್ ಆಗಿ ನಮ್ಮ ಹತ್ತಿರ ವಾಪಸು ಬಂತು. ಹದಿನಾಲ್ಕನೇ ಶತಮಾನದಲ್ಲಿ ಕೇರಳದ ಮಾಧವ ಟ್ಯಾನ್ ಇನ್ವರ್ಸ್ ಬೆಲೆಯನ್ನು ಬರೀ ಕೂಡಿ ಕಳೆದು ಗುಣಿಸಿ ಭಾಗಿಸಿ ಎಷ್ಟು ನಿಖರವಾಗಿ ಬೇಕಾದರೂ ಪಡೆಯುವ ಶ್ರೇಢಿಯನ್ನು ಕಂಡುಹಿಡಿದಿದ್ದ.

ಈಗ ಟ್ರೈಲರಿಗೆ ಬರೋಣ.

ಬಿ.ಇ. ಮೂರನೇ ವರ್ಷದ ರಜದಲ್ಲಿ ಊರಿಗೆ ಬಂದಿದ್ದೆ. ಪಕ್ಕದ ಮನೆಯ ಮುಂದೆ ಅಂಥದೇ ಒಂದು ಟ್ರೈಲರ್ ನಿಂತಿತ್ತು. ಏನು ತೋಚಿತೋ, ಟೇಪು ತಂದು ಅಳೆದೆ. ಎಡ ಚಕ್ರಕ್ಕೂ ಬಲ ಚಕ್ರಕ್ಕೂ ನಡುವೆ ಆರಡಿ. ಅಂದರೆ ನಡುಮಧ್ಯದಿಂದ ಒಂದು ಚಕ್ರಕ್ಕೆ ಮೂರಡಿ. ಇನ್ನು ಬೇಕಾದದ್ದು ಗುರುತ್ವ ಕೇಂದ್ರ, ಅಂದರೆ ಇಡೀ ಭಾರ ಒಂದೇ ಕಡೆ ಸೇರಿದೆ ಅಂತ ಭಾವಿಸಬಹುದಾದ ಜಾಗ. ಇದು ಟೇಪಿಗೆ ಸಿಗುವುದಿಲ್ಲ, ಅಂದಾಜು ಮಾಡಬೇಕು. ಖಾಲಿ ಟ್ರೈಲರಿಗೆ ನೆಲದಿಂದ ಮೂರಡಿ ಅಂತ ಇಟ್ಟುಕೊಂಡೆ. ಕಬ್ಬು ಆಳೆತ್ತರ ಮೀರಿ ಹೇರಿದಾಗ ಅದು ಆರಡಿಗೆ ಏರುತ್ತದೆ ಅಂತ ಲೆಕ್ಕ ಹಾಕಿದೆ.

ಗಾಡಿ ಯಾವಾಗ ಮಗುಚುತ್ತದೆ? ಗುರುತ್ವ ಕೇಂದ್ರದಿಂದ ಒಂದು ತೂಗುಗುಂಡು ಇಳಿಬಿಟ್ಟಿದ್ದೇವೆ ಅಂತ ಅಂದುಕೊಳ್ಳಿ, ಗಾರೆ ಕೆಲಸದವರು ಗೋಡೆಗೆ ಬಿಡುತ್ತಾರಲ್ಲ ಹಾಗೆ. ಆ ಗುಂಡು ಎರಡು ಚಕ್ರಗಳ ನಡುವೆ ಇರುವ ತನಕ ಗಾಡಿ ವಾಲಿದರೂ ವಾಪಸು ಕೂರುತ್ತದೆ. ಗುಂಡು ಚಕ್ರ ದಾಟಿ ಹೊರಗೆ ಹೋಯಿತೋ, ಮುಗಿಯಿತು. ಹಾಗೆ ದಾಟಲು ಗಾಡಿ ಎಷ್ಟು ಡಿಗ್ರಿ ವಾಲಬೇಕು? ನಡುವಿನಿಂದ ಚಕ್ರಕ್ಕಿರುವ ಅಡ್ಡ ದೂರವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ ಟ್ಯಾನ್ ಇನ್ವರ್ಸ್ ತೆಗೆದರೆ ಅದೇ ಉತ್ತರ.

ಖಾಲಿ ಟ್ರೈಲರಿಗೆ ಮೂರಕ್ಕೆ ಮೂರು, ಅಂದರೆ ಒಂದು. ಟ್ಯಾನ್ ಇನ್ವರ್ಸ್ ಒಂದು 45 ಡಿಗ್ರಿ. ಖಾಲಿ ಟ್ರೈಲರ್ ಅರ್ಧ ಮಲಗಿದರೂ ಎದ್ದು ನಿಲ್ಲುತ್ತದೆ. ಕಬ್ಬು ತುಂಬಿದ ಮೇಲೆ ಆರಕ್ಕೆ ಮೂರು, ಅಂದರೆ 0.5. ನಾನು ಎರಡು ಅಂತ ಬರೆದು ಅಂಕ ಕಳೆದುಕೊಂಡಿದ್ದ ಅದೇ ಲೆಕ್ಕ. ಉತ್ತರ 26.6 ಡಿಗ್ರಿ. ಎತ್ತರ ಎರಡರಷ್ಟಾದಾಗ ಕೋನ 45ರಿಂದ ಅರ್ಧಕ್ಕೆ, ಅಂದರೆ 22.5ಕ್ಕೆ ಇಳಿಯಲಿಲ್ಲ ನೋಡಿ. ಕೋನ ಹಾಗೆ ಸಲೀಸಾದ ಭಾಗಾಕಾರಕ್ಕೆ ಬಗ್ಗುವುದಿಲ್ಲ, ಅದಕ್ಕೇ ಈ ವಿಲೋಮ ಲೆಕ್ಕ ಬೇಕಾಗುವುದು.

ಆ ರಾತ್ರಿ ಅಪ್ಪನನ್ನು ಕೇಳಿದೆ, "ಅವತ್ತು ಲೋಡು ಹೆಂಗಿತ್ತಪ್ಪ?" ಅಷ್ಟು ವರ್ಷದಲ್ಲಿ ಆ ವಿಷಯ ನಾನು ಎತ್ತಿದ್ದು ಅದೇ ಮೊದಲು. ಅಪ್ಪ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಗದ್ದೆ ಬದೀಲಿ ಗಾಡಿ ವಾರೆಯಾಗಿ ನಿಂತಿತ್ತು. ಎಡಗಡೆಗೆ ಜಾಸ್ತಿ ಬಿತ್ತು. ಒಸಿ ತೆಗೀರಿ ಅಂದೆ. ಹೊತ್ತು ಮುಳುಗ್ತಾ ಇತ್ತು, ತುಂಬೋರಿಗೂ ಅವಸರ. ನಂಗೂ ಅವಸರ." ನಾನು ಮತ್ತೆ ಕಾಗದ ತೆಗೆದುಕೊಂಡೆ. ಎಡಕ್ಕೆ ಜಾಸ್ತಿ ಹೇರಿದ್ದರಿಂದ ಗುರುತ್ವ ಕೇಂದ್ರ ಬರೀ ಅರ್ಧ ಅಡಿ ಎಡಕ್ಕೆ ಸರಿದಿದೆ ಅಂತ ಇಟ್ಟುಕೊಳ್ಳೋಣ. ಆಗ ಚಕ್ರಕ್ಕೆ ಉಳಿದದ್ದು ಎರಡೂವರೆ ಅಡಿ. ಎರಡೂವರೆಯನ್ನು ಆರರಿಂದ ಭಾಗಿಸಿದರೆ ಸುಮಾರು 0.417. ಟ್ಯಾನ್ ಇನ್ವರ್ಸ್ ತೆಗೆದರೆ 22.6 ಡಿಗ್ರಿ.

ಇನ್ನು ಏರಿಯ ಅಂಚು. ಚಕ್ರಗಳ ನಡುವೆ ಆರಡಿ ಇರುವಾಗ ಒಂದು ಕಡೆ ಚಕ್ರ ಎರಡಡಿ ಕೆಳಗಿಳಿದರೆ ಗಾಡಿ ಎಷ್ಟು ವಾಲುತ್ತದೆ? ಇಲ್ಲಿ ಆರಡಿಯೇ ವಿಕರ್ಣ, ಇಳಿದ ಎರಡಡಿ ಎದುರಿನ ಬಾಹು. ಸೈನ್ ಇನ್ವರ್ಸ್ ಆರಕ್ಕೆ ಎರಡು, ಅಂದರೆ 19.5 ಡಿಗ್ರಿ. ಎರಡಡಿ ನಾಲ್ಕಿಂಚು ಇಳಿದರೆ 22.9 ಡಿಗ್ರಿ. ಗಾಡಿ ತಡೆಯುವುದು 22.6. ಇದೂ ಗಾಡಿ ನಿಂತಿರುವಾಗಿನ ಲೆಕ್ಕ. ಓಡುತ್ತಿರುವಾಗ ಕುಲುಕಾಟ, ಹಸಿ ಮಣ್ಣಿನ ಕುಸಿತ, ಟೈರಿನ ಅದುಮು ಎಲ್ಲ ಸೇರಿ ಅದಕ್ಕಿಂತ ಮೊದಲೇ ಮಗುಚುತ್ತದೆ. ನಮ್ಮ ನಾಲೆ ಏರಿಗಳ ಅಂಚಿನಲ್ಲಿ ಎರಡಡಿ ಇಳಿಯುವುದು ಅಂದರೆ ಎಷ್ಟು ಸುಲಭ ಅಂತ ಇಲ್ಲಿರುವ ಡ್ರೈವರುಗಳನ್ನು ಕೇಳಿ.

ಈ ಲೆಕ್ಕ ಎಲ್ಲವನ್ನೂ ಸಾಬೀತು ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ನನ್ನ ಆರಡಿ, ಅರ್ಧ ಅಡಿ ಎಲ್ಲ ಅಂದಾಜು. ಅವತ್ತಿನ ಸಂಜೆಯನ್ನು ಟೇಪು ಹಿಡಿದು ಅಳೆಯಲು ಆಗುವುದಿಲ್ಲ. ಲೆಕ್ಕ ಹೇಳುವುದು ಒಂದೇ ಮಾತು: ಆ ಲೋಡು, ಆ ಅಂಚು ಇದ್ದರೆ ಎಚ್ಚರವಾಗಿರುವ ಡ್ರೈವರನ ಗಾಡಿಯೂ ಮಗುಚುತ್ತದೆ. ಅದಕ್ಕೆ ಕುಡಿದಿರಬೇಕು ಅಂತೇನಿಲ್ಲ.

ಚಿತ್ರ ಬರೆದು ಅಪ್ಪನಿಗೆ ತೋರಿಸಿದೆ. ಅವರು ಓದಿದ್ದು ಮೂರನೇ ಕ್ಲಾಸು. ಹಾಳೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ಹಂಗಾದ್ರೆ ಎಡಗಡೆ ಎರಡು ಹೊರೆ ಇಳಿಸಿದ್ರೆ ನಿಂತ್ಕೋತಿತ್ತು ಅನ್ನು" ಅಂದರು. ಹೌದು ಅಂದೆ. "ನಂಗೆ ಅದು ಆವತ್ತೇ ಗೊತ್ತಿತ್ತು ಕಣ್ಲಾ, ಹೇಳಿ ಒಪ್ಪಿಸೋಕೆ ಆಗಲಿಲ್ಲ" ಅಂದು ಒಳಗೆ ಹೋದರು. ಆ ಹಾಳೆಯನ್ನು ಅವರು ಪಹಣಿ ಪತ್ರಗಳ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾರೆ ಅಂತ ಅವ್ವ ಹೇಳಿದ್ದು ಎಷ್ಟೋ ದಿನ ಆದಮೇಲೆ. ಅಪ್ಪ ಇವತ್ತು ಇಲ್ಲಿಗೆ ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಇದನ್ನು ಹೇಳಲೇ ಅಂತ ನಿನ್ನೆ ರಾತ್ರಿ ಕೇಳಿದೆ. "ಅದ್ಯಾಕೀಗ" ಅಂದರು. ಬೆಳಿಗ್ಗೆ ಹೊರಡುವಾಗ "ಹೇಳೋದಾದ್ರೆ ಲೋಡು ತುಂಬೋರಿಗೆ ತಿಳಿಯೋ ಹಂಗೆ ಹೇಳು" ಅಂದರು. ಅದಕ್ಕೇ ಇಷ್ಟು ಬಿಡಿಸಿ ಹೇಳಿದ್ದು.

ವಿಲೋಮ ಲೆಕ್ಕದಲ್ಲಿ ಒಂದು ಮೋಸವೂ ಇದೆ, ಅದನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ದಾರಿ ತೋರಿಸುವ ಒಂದು ಆ್ಯಪಿಗೆ ಬಾಣದ ಗುರುತು ತಿರುಗಿಸುವ ಕೆಲಸ ನನಗೆ ಕೊಟ್ಟರು. ಹೋಗಬೇಕಾದ ಊರು ಇರುವ ದಿಕ್ಕಿಗೆ ಬಾಣ ತಿರುಗಬೇಕು. ಉತ್ತರಕ್ಕೆ ಎಷ್ಟು ದೂರ, ಪೂರ್ವಕ್ಕೆ ಎಷ್ಟು ದೂರ ಅಂತ ತೆಗೆದುಕೊಂಡು, ಒಂದರಿಂದ ಒಂದನ್ನು ಭಾಗಿಸಿ ಟ್ಯಾನ್ ಇನ್ವರ್ಸ್ ಹಾಕಿದೆ. ಪರೀಕ್ಷೆಗೆ ನಮ್ಮ ಊರುಗಳನ್ನೇ ಕೊಟ್ಟೆ. ಶ್ರೀರಂಗಪಟ್ಟಣದಿಂದ ನಾಗಮಂಗಲಕ್ಕೆ ಸರಿಯಾಗಿ ತೋರಿಸಿತು. ಪಾಂಡವಪುರದಿಂದ ಕೆ.ಆರ್. ಪೇಟೆಗೆ ಕೇಳಿದೆ. ಬಾಣ ಬನ್ನೂರಿನ ಕಡೆಗೆ ತಿರುಗಿತು!

ಯಾಕೆ ಅಂತ ನೋಡಿ. ಪಾಂಡವಪುರದಿಂದ ಕೆ.ಆರ್. ಪೇಟೆ ಹೆಚ್ಚುಕಡಿಮೆ 20 ಕಿ.ಮೀ. ಪಶ್ಚಿಮಕ್ಕೆ, ಸುಮಾರು ಅಷ್ಟೇ ಉತ್ತರಕ್ಕೆ ಇದೆ. ಬನ್ನೂರು ಹೆಚ್ಚುಕಡಿಮೆ 20 ಕಿ.ಮೀ. ಪೂರ್ವಕ್ಕೆ, ಅಷ್ಟೇ ದಕ್ಷಿಣಕ್ಕೆ. ಪಶ್ಚಿಮ ಮತ್ತು ದಕ್ಷಿಣವನ್ನು ಮೈನಸ್ ಅಂತ ಬರೆದರೆ, ಎರಡು ಊರಿಗೂ ಭಾಗಾಕಾರ ಮೈನಸ್ ಒಂದೇ ಬರುತ್ತದೆ. ಭಾಗಿಸಿದ ಕೂಡಲೇ ಮೈನಸ್ ಮೇಲಿನದ್ದೋ ಕೆಳಗಿನದ್ದೋ ಅನ್ನುವುದು ಅಳಿಸಿಹೋಯಿತು. ಟ್ಯಾನ್ ಇನ್ವರ್ಸ್ ಯಾವಾಗಲೂ ಮೈನಸ್ 90ರಿಂದ 90 ಡಿಗ್ರಿಯ ಒಳಗಿನ ಒಂದೇ ಉತ್ತರ ಕೊಡುತ್ತದೆ. ಅದು ಮೈನಸ್ 45 ಅಂತು, ಅಂದರೆ ಆಗ್ನೇಯ. ಸರಿಯಾದ ಉತ್ತರ ಅದಕ್ಕೆ 180 ಸೇರಿಸಿದ 135, ಅಂದರೆ ವಾಯವ್ಯ. ಸೈನ್ ಕೂಡ ಹಾಗೇ: 30 ಡಿಗ್ರಿಗೂ 150 ಡಿಗ್ರಿಗೂ ಸೈನ್ ಬೆಲೆ ಅರ್ಧವೇ, ಆದರೆ ಕ್ಯಾಲ್ಕುಲೇಟರ್ 30 ಮಾತ್ರ ಹೇಳುತ್ತದೆ. ಕಂಪ್ಯೂಟರ್ ಭಾಷೆಗಳಲ್ಲಿ ಇದಕ್ಕೆಂದೇ ಏಟ್ಯಾನ್-2 ಅಂತ ಒಂದು ಸೌಲಭ್ಯ ಇದೆ. ಅದು ಎರಡೂ ಅಂಕಿಗಳನ್ನು ಭಾಗಿಸದೆ ಬೇರೆ ಬೇರೆಯಾಗಿ ತೆಗೆದುಕೊಂಡು, ಯಾವ ದಿಕ್ಕು ಅಂತ ನೋಡಿ ಉತ್ತರ ಕೊಡುತ್ತದೆ. ಅವತ್ತು ನನಗೆ ತಪ್ಪು ಗೊತ್ತಾಗಿದ್ದು ಕೆ.ಆರ್. ಪೇಟೆ ಯಾವ ಕಡೆ ಇದೆ ಅಂತ ಗೊತ್ತಿದ್ದದ್ದರಿಂದ. ಯಂತ್ರ ಕೊಟ್ಟ ಉತ್ತರವನ್ನು ನಮಗೆ ಗೊತ್ತಿರುವ ನೆಲದ ಮೇಲಿಟ್ಟು ಒಮ್ಮೆ ನೋಡಬೇಕು.

ದಿಕ್ಕು ತಪ್ಪುವ ಮಾತು ಬಂದಾಗ ನಮ್ಮ ಸೀಮೆಯದೇ ಒಂದು ಹಳೆಯ ಸಂಗತಿ ನೆನಪಾಗುತ್ತದೆ. 1799ರ ಏಪ್ರಿಲ್. ಇಂಗ್ಲಿಷರು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ್ದ ಸಮಯ. ರಾತ್ರಿ ಹೊರಟ ಜನರಲ್ ಬೇರ್ಡ್‌ನ ಒಂದು ತುಕಡಿಗೆ ಕತ್ತಲಲ್ಲಿ ದಾರಿ ತಪ್ಪಿತು. ಅದರಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ನಕ್ಷತ್ರ ನೋಡಿ, ನಾವು ದಕ್ಷಿಣಕ್ಕೆ ಹೋಗುವ ಬದಲು ಉತ್ತರಕ್ಕೆ, ಟಿಪ್ಪುವಿನ ಸೈನ್ಯದ ಕಡೆಗೇ ನಡೆಯುತ್ತಿದ್ದೇವೆ ಅಂದ. ಜನರಲ್ ಮೊದಲು ನಂಬಲಿಲ್ಲ. ಆಮೇಲೆ ದಿಕ್ಸೂಚಿ ನೋಡಿದರೆ ಲ್ಯಾಂಬ್ಟನ್ ಹೇಳಿದ್ದೇ ಸರಿ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ಆ ನೆಲವನ್ನು ಗೆದ್ದವರಿಗೆ ಅದನ್ನು ಅಳೆಯುವುದೂ ಬೇಕಾಗಿತ್ತು. ಇದೇ ಲ್ಯಾಂಬ್ಟನ್ ತ್ರಿಕೋನಗಳಿಂದ ಅಳೆಯುವ ಯೋಜನೆ ಕೊಟ್ಟು, 1800ರಲ್ಲಿ ಬೆಂಗಳೂರಿನ ಬಳಿ ಮೊದಲ ಆಧಾರರೇಖೆ ಅಳೆದ. 1802ರ ಏಪ್ರಿಲ್ 10ರಂದು ಮದರಾಸಿನಲ್ಲಿ ಮತ್ತೊಂದನ್ನು ಶುರುಮಾಡಿದ. ಮುಂದೆ ಹಿಮಾಲಯದವರೆಗೂ ಹೋದ ಮಹಾ ತ್ರಿಕೋನಮಿತಿ ಸರ್ವೇ ಹುಟ್ಟಿದ್ದು ಹೀಗೆ.

ಲ್ಯಾಂಬ್ಟನ್ ಮಾಡಿದ್ದು ನಿಮ್ಮ ಹತ್ತನೇ ತರಗತಿಯ ರೀತಿಯ ಲೆಕ್ಕ: ಒಂದು ಬಾಹು ಅಳೆದುಕೊಂಡು, ಕೋನಗಳನ್ನು ಉಪಕರಣದಿಂದ ನೋಡಿ, ಉಳಿದ ಬಾಹುಗಳನ್ನು ಲೆಕ್ಕ ಹಾಕುವುದು. ಆದರೆ ಅವನ ಕೋನ ಅಳೆಯುವ ಥಿಯೋಡೊಲೈಟ್ ಸುಮಾರು ಅರ್ಧ ಟನ್ ತೂಕದ್ದು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುವಾಗ ಅದನ್ನು ಫ್ರೆಂಚರು ಹಿಡಿದು, ಆಮೇಲೆ ಮರ್ಯಾದೆಯಿಂದ ವಾಪಸು ಕಳುಹಿಸಿದ್ದರು. ಅಂಥದ್ದು ನಮಗೆಲ್ಲಿ ಸಿಗಬೇಕು? ನಮ್ಮ ಹತ್ತಿರ ಇರುವುದು ಟೇಪು. ಟೇಪಿನ ಅಳತೆಯಿಂದ ಕೋನಕ್ಕೆ ಹೋಗಲು ಇರುವ ಸೇತುವೆ ಈ ವಿಲೋಮ ಲೆಕ್ಕ.

ಮಕ್ಕಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನಮ್ಮ ಮೇಷ್ಟ್ರು ಕೋಲು ನೆಟ್ಟ ಜಾಗದಲ್ಲೇ, ಬರುವ ಮಾರ್ಚ್ 21ರಂದು ಒಂದು ಮೀಟರ್ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ. ಆ ದಿನ ಸೂರ್ಯ ಭೂಮಧ್ಯರೇಖೆಯ ನೆತ್ತಿಯ ಮೇಲಿರುತ್ತಾನೆ. ನಮ್ಮ ಕಡೆ ನೆರಳು ಅತಿ ಚಿಕ್ಕದಾಗುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಹನ್ನೆರಡು ಗಂಟೆಯಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ, ಅತಿ ಚಿಕ್ಕ ನೆರಳನ್ನು ಅಳೆಯಿರಿ. ಪಾಂಡವಪುರದಲ್ಲಿ ಅದು ಸುಮಾರು 22.2 ಸೆಂ.ಮೀ. ಬರಬೇಕು. 22.2ನ್ನು 100ರಿಂದ ಭಾಗಿಸಿ ಟ್ಯಾನ್ ಇನ್ವರ್ಸ್ ತೆಗೆದರೆ 12.5 ಡಿಗ್ರಿ. ಅದು ಪಾಂಡವಪುರದ ಅಕ್ಷಾಂಶ. ಭೂಪಟದಲ್ಲಿ ಓದಿದ ಅಂಕಿಯನ್ನು ನಿಮ್ಮ ಶಾಲೆಯ ಮಣ್ಣಿನ ಮೇಲೆ ಬಿದ್ದ ನೆರಳಿನಿಂದ ನೀವೇ ಪಡೆದಂತಾಯಿತು. ಮಾರ್ಚ್‌ನಲ್ಲಿ ಪರೀಕ್ಷೆಯ ಗಡಿಬಿಡಿ ಇದ್ದರೆ ಸೆಪ್ಟೆಂಬರ್ 23ಕ್ಕೆ ಮಾಡಿ. ಆಗ ಹನ್ನೆರಡೂಕಾಲಕ್ಕೆ ನೋಡಿದರೆ ಸರಿ.

ಅದೇ ದಿನ ಶ್ರೀರಂಗಪಟ್ಟಣದಲ್ಲಿ ನೆರಳು ಸುಮಾರು 22.0 ಸೆಂ.ಮೀ., ನಾಗಮಂಗಲದಲ್ಲಿ 22.8 ಸೆಂ.ಮೀ. ಎರಡೂ ಊರಿನ ಕೋನದ ವ್ಯತ್ಯಾಸ 0.4 ಡಿಗ್ರಿ, ದಕ್ಷಿಣದಿಂದ ಉತ್ತರಕ್ಕೆ ದೂರ ಸುಮಾರು 44 ಕಿ.ಮೀ. ಇಷ್ಟರಿಂದ ಭೂಮಿಯ ಸುತ್ತಳತೆ ಹೇಳಬಹುದು ಅನ್ನಿಸುತ್ತದೆ. ಆದರೆ ಸೂರ್ಯ ಚುಕ್ಕೆಯಲ್ಲ, ಅವನದು ಅರ್ಧ ಡಿಗ್ರಿ ಅಗಲದ ಬಿಂಬ. ಹಾಗಾಗಿ ಒಂದು ಮೀಟರ್ ಕೋಲಿನ ನೆರಳಿನ ತುದಿಯೇ ಸುಮಾರು ಒಂಬತ್ತು ಮಿ.ಮೀ. ಮಸುಕಾಗಿರುತ್ತದೆ. ನಮ್ಮ ತಾಲ್ಲೂಕುಗಳ ವ್ಯತ್ಯಾಸ ಆ ಮಸುಕಿನಲ್ಲೇ ಮುಚ್ಚಿಹೋಗುತ್ತದೆ. ದೂರದ ಊರು ಬೇಕು. ನಮ್ಮ ಬ್ಯಾಚಿನ ಒಬ್ಬ ಗೆಳತಿ ಬೀದರಿನಲ್ಲಿ ಶಿಕ್ಷಕಿಯಾಗಿದ್ದಾಳೆ, ಇವತ್ತು ಬರಲಾಗಲಿಲ್ಲ. ಬೀದರಿನಲ್ಲಿ ಆ ದಿನದ ನೆರಳು ಸುಮಾರು 32.3 ಸೆಂ.ಮೀ., ಅಂದರೆ 17.9 ಡಿಗ್ರಿ. ವ್ಯತ್ಯಾಸ 5.4 ಡಿಗ್ರಿ, ದೂರ ದಕ್ಷಿಣೋತ್ತರವಾಗಿ ಸುಮಾರು 600 ಕಿ.ಮೀ. 5.4 ಡಿಗ್ರಿಗೆ 600 ಆದರೆ 360 ಡಿಗ್ರಿಗೆ ಎಷ್ಟು? ತ್ರೈರಾಶಿಕ ಹಾಕಿ, 40,000 ಕಿ.ಮೀ. ಭೂಮಿಯ ಸುತ್ತಳತೆ ಅದೇ. ಅವಳಿಗೆ ಫೋನ್ ಮಾಡಿದ್ದೇನೆ. ಅವಳ ಶಾಲೆಯ ಮಕ್ಕಳು ಅಲ್ಲಿ ಅಳೆಯುತ್ತಾರೆ, ನೀವು ಇಲ್ಲಿ ಅಳೆಯಿರಿ.

ಹಳೆಯ ವಿದ್ಯಾರ್ಥಿಗಳ ಸಂಘದ ಕಡೆಯಿಂದ ಶಾಲೆಗೆ ಕಂಪ್ಯೂಟರ್ ಕೊಡುತ್ತಿದ್ದೇವೆ, ಸಂತೋಷ. ನಾನು ಅದರ ಜೊತೆಗೆ ಎರಡು ಟೇಪು, ಎರಡು ತೂಗುಗುಂಡು, ನಾಲ್ಕು ಮೀಟರ್ ಕೋಲು ತಂದಿದ್ದೇನೆ. ಸ್ಟಾಫ್ ರೂಮಿನಲ್ಲಿ ಕೊಟ್ಟಿದ್ದೇನೆ. ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಪಾಠದಲ್ಲಿ ಇಲ್ಲದ ಪ್ರಶ್ನೆಯನ್ನು ಯಾವುದಾದರೂ ಮಗು ಕೇಳಿದರೆ, ನಮ್ಮ ಮೇಷ್ಟ್ರು ನನಗೆ ಹೇಳಿದ ಹಾಗೆ "ಚಿತ್ರ ಬರೆದು ನೋಡು" ಅಂತಾದರೂ ಹೇಳಿ. ಊರಿನವರಲ್ಲಿ ಒಂದು ಕೋರಿಕೆ: ಈ ಸಲ ಕಬ್ಬು ತುಂಬುವಾಗ ಡ್ರೈವರ್ ಎರಡು ಹೊರೆ ಇಳಿಸಿ ಅಂದರೆ ದಯವಿಟ್ಟು ಇಳಿಸಿ.